ರೋಗಿಯನ್ನು ಮುಟ್ಟುವ ಮುನ್ನ: ಶುಶ್ರೂಷಾ ವಿದ್ಯಾರ್ಥಿಗಳ ಕೈ ನೈರ್ಮಲ್ಯ

(ಪ್ರಾಯೋಗಿಕ ತರಬೇತಿಯಲ್ಲಿರುವ ಶುಶ್ರೂಷಾ ವಿದ್ಯಾರ್ಥಿಗಳು, ಅವರ ಬೋಧಕರು ಹಾಗೂ ಆರೋಗ್ಯ ಸಂಸ್ಥೆಗಳ ಶುಶ್ರೂಷಾಧಿಕಾರಿಗಳ ಉಪಯೋಗಕ್ಕಾಗಿ ಅಧ್ಯಯನ ಪಾಠ)

1. ಪೀಠಿಕೆ

ಜಿ.ಎನ್.ಎಂ. ಹಾಗೂ ಬಿ.ಎಸ್ಸಿ. ನರ್ಸಿಂಗ್ ವ್ಯಾಸಂಗ ಮಾಡುತ್ತಿರುವ ವಿದ್ಯಾರ್ಥಿಗಳು ಪ್ರಾಯೋಗಿಕ ತರಬೇತಿಗಾಗಿ ತಾಲ್ಲೂಕು ಆಸ್ಪತ್ರೆ, ಸಮುದಾಯ ಆರೋಗ್ಯ ಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುತ್ತಾರೆ. ಕೈ ತೊಳೆಯುವ ಕ್ರಮವು ಅವರಿಗೆ ಹೊಸದಲ್ಲ. ವ್ಯಾಸಂಗದ ಆರಂಭದಲ್ಲಿಯೇ ಅದನ್ನು ಕಲಿತಿರುತ್ತಾರೆ. ಬೋಧಕರ ಎದುರು ಮಾಡಿ ತೋರಿಸಿರುತ್ತಾರೆ. ಪರೀಕ್ಷೆಯಲ್ಲಿ ಅದರ ಹಂತಗಳನ್ನು ತಪ್ಪಿಲ್ಲದೆ ಬರೆಯಬಲ್ಲರು. ಆದರೂ ವಾರ್ಡಿನ ಕೆಲಸಕ್ಕೆ ಇಳಿದ ಕೆಲವೇ ದಿನಗಳಲ್ಲಿ ಆ ಕಲಿಕೆ ಸಡಿಲಗೊಳ್ಳುವುದುಂಟು. ಬೆಳಗಿನ ಜಾವದಲ್ಲಿ ಇಪ್ಪತ್ತು ಹಾಸಿಗೆಗಳ ತಾಪಮಾನ, ನಾಡಿ ಮತ್ತು ರಕ್ತದೊತ್ತಡಗಳನ್ನು ಬರೆದು ಮುಗಿಸಬೇಕಾದ ವಿದ್ಯಾರ್ಥಿನಿಯು ಒಂದು ಹಾಸಿಗೆಯಿಂದ ಮತ್ತೊಂದಕ್ಕೆ ಸಾಗುವಾಗ ಕೈಯ ವಿಚಾರವನ್ನು ಮರೆಯುವುದು ಅಸಹಜವಲ್ಲ.

ಈ ಮರೆವಿಗೆ ಒಂದು ನಿಶ್ಚಿತ ರೂಪವಿದೆ. ರಕ್ತ, ಮೂತ್ರ ಅಥವಾ ಕೀವು ತಗುಲಿದ ಕೈಯನ್ನು ಯಾರೂ ತೊಳೆಯದೆ ಬಿಡುವುದಿಲ್ಲ. ಬಿಟ್ಟುಹೋಗುವುದು ರೋಗಿಯನ್ನು ಮುಟ್ಟುವುದಕ್ಕೆ ಮುನ್ನ, ಕೈ ನೋಡಲು ಶುಭ್ರವಾಗಿಯೇ ಇರುವಾಗ, ಮಾಡಬೇಕಾದ ಶುಚಿ. ರೋಗಿಯ ಜೀವಕ್ಕೆ ಹೆಚ್ಚು ಸಂಬಂಧಪಟ್ಟದ್ದು ಇದೇ. ಆದ್ದರಿಂದ ಪ್ರಸ್ತುತ ಪಾಠವು ‘ಮುನ್ನ’ ಎಂಬ ಈ ಒಂದು ಪದದ ಮೇಲೆ ವಿಶೇಷ ಗಮನವನ್ನು ಕೇಂದ್ರೀಕರಿಸುತ್ತದೆ.

2. ಪಾಠದ ಉದ್ದೇಶಗಳು

ಈ ಪಾಠವನ್ನು ಅಭ್ಯಾಸ ಮಾಡಿದ ವಿದ್ಯಾರ್ಥಿಯು—

(ಅ) ಕೈಗಳ ಮೂಲಕ ಸೋಂಕು ಹರಡುವ ಬಗೆಯನ್ನು ವಿವರಿಸಲು,
(ಆ) ಕೈ ಶುಚಿಗೊಳಿಸಬೇಕಾದ ಐದು ಸಂದರ್ಭಗಳನ್ನು ವಾರ್ಡಿನ ಕೆಲಸದಲ್ಲಿ ಗುರುತಿಸಲು,
(ಇ) ಹ್ಯಾಂಡ್‌ರಬ್ ಯಾವಾಗ, ಸೋಪು-ನೀರು ಯಾವಾಗ ಎಂಬುದನ್ನು ನಿರ್ಧರಿಸಲು,
(ಈ) ಕೈಗವಸಿನ ಬಳಕೆಯ ಮಿತಿಯನ್ನು ಅರಿಯಲು,
(ಉ) ಅಭ್ಯಾಸಕ್ಕೆ ಅಡ್ಡಿಯಾಗುವ ಕಾರಣಗಳನ್ನು ಗುರುತಿಸಿ ಪರಿಹಾರ ಕಂಡುಕೊಳ್ಳಲು

ಸಮರ್ಥರಾಗಬೇಕೆಂಬುದು ಅಪೇಕ್ಷೆ.

3. ಕೈಗಳ ಮೂಲಕ ಸೋಂಕು ಹರಡುವ ಬಗೆ

ಮನುಷ್ಯನ ಚರ್ಮದ ಮೇಲೆ ಎರಡು ಬಗೆಯ ಸೂಕ್ಷ್ಮಜೀವಿಗಳಿರುತ್ತವೆ. ಚರ್ಮದ ಒಳಪದರಗಳಲ್ಲಿ ಸದಾ ನೆಲೆಸಿರುವವು ನಿವಾಸಿ ಜೀವಿಗಳು. ಇವು ಸಾಮಾನ್ಯವಾಗಿ ಅಪಾಯಕಾರಿಯಲ್ಲ. ರೋಗಿಯನ್ನು, ಹಾಸಿಗೆಯನ್ನು ಅಥವಾ ಉಪಕರಣವನ್ನು ಮುಟ್ಟಿದಾಗ ಮೇಲ್ಪದರಕ್ಕೆ ಅಂಟಿಕೊಳ್ಳುವವು ತಾತ್ಕಾಲಿಕ ಜೀವಿಗಳು. ಆಸ್ಪತ್ರೆಯ ಸೋಂಕುಗಳಿಗೆ ಬಹುಪಾಲು ಕಾರಣವಾಗುವವು ಇವೇ. ಸಮಾಧಾನದ ಸಂಗತಿಯೆಂದರೆ, ಮೇಲ್ಪದರದಲ್ಲಿರುವ ಇವುಗಳನ್ನು ಸರಿಯಾದ ಕೈ ಶುಚಿಯಿಂದ ಸುಲಭವಾಗಿ ನಿವಾರಿಸಬಹುದು.

ಸೋಂಕು ಒಬ್ಬ ರೋಗಿಯಿಂದ ಮತ್ತೊಬ್ಬ ರೋಗಿಗೆ ತಲುಪಲು ಐದು ಹೆಜ್ಜೆಗಳು ಒಂದರ ಹಿಂದೊಂದು ನಡೆಯಬೇಕು. ಸೂಕ್ಷ್ಮಜೀವಿಯು ರೋಗಿಯ ಚರ್ಮದ ಮೇಲೆ ಅಥವಾ ಅವರ ಸುತ್ತಲಿನ ವಸ್ತುಗಳ ಮೇಲೆ ಇರಬೇಕು. ಅದು ಶುಶ್ರೂಷಕರ ಕೈಗೆ ದಾಟಬೇಕು. ಕೈಯ ಮೇಲೆ ಕೆಲವು ನಿಮಿಷಗಳಾದರೂ ಬದುಕಿರಬೇಕು. ಕೈಯನ್ನು ಶುಚಿಗೊಳಿಸದೆ ಅಥವಾ ಅರೆಬರೆಯಾಗಿ ಶುಚಿಗೊಳಿಸಿ ಬಿಟ್ಟಿರಬೇಕು. ಆ ಕೈ ಮುಂದಿನ ರೋಗಿಯನ್ನು ಮುಟ್ಟಬೇಕು. ಈ ಸರಪಳಿಯಲ್ಲಿ ಮೊದಲ ಮೂರು ಕೊಂಡಿಗಳು ವಿದ್ಯಾರ್ಥಿಯ ಹಿಡಿತದಲ್ಲಿಲ್ಲ. ನಾಲ್ಕನೆಯ ಕೊಂಡಿ ಮಾತ್ರ ಸಂಪೂರ್ಣವಾಗಿ ಅವರ ಹಿಡಿತದಲ್ಲಿದೆ.

ಕೈಗೆ ಸೂಕ್ಷ್ಮಜೀವಿಗಳು ಅಂಟಲು ಗಾಯವನ್ನೇ ಮುಟ್ಟಬೇಕಾಗಿಲ್ಲ. ನಾಡಿ ನೋಡುವುದು, ರೋಗಿಯನ್ನು ಮಗ್ಗುಲು ಬದಲಿಸುವುದು, ಮಂಚದ ಕಂಬಿಯನ್ನು ಹಿಡಿಯುವುದು ಇವಿಷ್ಟೇ ಸಾಕು. ಸ್ಟ್ಯಾಫಿಲೋಕಾಕಸ್ ಆರಿಯಸ್, ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್ ಮೊದಲಾದ ಬ್ಯಾಕ್ಟೀರಿಯಾಗಳು ಒಣ ಮೇಲ್ಮೈಗಳ ಮೇಲೆ ತಿಂಗಳುಗಟ್ಟಲೆ ಬದುಕಿರಬಲ್ಲವು.

ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ಜಾಗತಿಕ ವರದಿಯ ಪ್ರಕಾರ, ತೀವ್ರ ಚಿಕಿತ್ಸೆಗಾಗಿ ಆಸ್ಪತ್ರೆಗೆ ದಾಖಲಾಗುವ ಪ್ರತಿ 100 ರೋಗಿಗಳಲ್ಲಿ ಶ್ರೀಮಂತ ರಾಷ್ಟ್ರಗಳಲ್ಲಿ 7 ಮಂದಿ, ಕಡಿಮೆ ಹಾಗೂ ಮಧ್ಯಮ ಆದಾಯದ ರಾಷ್ಟ್ರಗಳಲ್ಲಿ 15 ಮಂದಿ ಅಲ್ಲಿಯೇ ಕನಿಷ್ಠ ಒಂದು ಸೋಂಕಿಗೆ ಒಳಗಾಗುತ್ತಾರೆ. ಹಾಗೆ ಸೋಂಕು ತಗುಲಿದವರಲ್ಲಿ ಸರಾಸರಿ 10ರಲ್ಲಿ ಒಬ್ಬರು ಮರಣ ಹೊಂದುತ್ತಾರೆ. ಬದುಕುಳಿದವರೂ ಹೆಚ್ಚು ದಿನ ಆಸ್ಪತ್ರೆಯಲ್ಲಿರಬೇಕಾಗುತ್ತದೆ, ಕೂಲಿ ತಪ್ಪುತ್ತದೆ, ಔಷಧಿಗಳಿಗೆ ಜಗ್ಗದ ಸೋಂಕಾದರೆ ಚಿಕಿತ್ಸೆಯೇ ಕಠಿಣವಾಗುತ್ತದೆ. ವಾಸಿಯಾಗಲೆಂದು ಬಂದ ರೋಗಿಗೆ ಆರೈಕೆ ಮಾಡುವ ಕೈಯಿಂದಲೇ ಹೊಸ ಕಾಯಿಲೆ ಬರಬಾರದು.

4. ವಿದ್ಯಾರ್ಥಿಗಳ ಕೈಗಳಿಂದ ಕಲಿತ ಪಾಠ: ವಿಯೆನ್ನಾ, 1847

ಕೈ ನೈರ್ಮಲ್ಯದ ಇತಿಹಾಸದಲ್ಲಿ ಮೊದಲ ಸ್ಪಷ್ಟ ಸಾಕ್ಷ್ಯ ದೊರೆತದ್ದು ವಿದ್ಯಾರ್ಥಿಗಳ ತರಬೇತಿ ವಿಭಾಗದಲ್ಲಿಯೇ ಎಂಬುದು ಗಮನಾರ್ಹ. ಆಸ್ಟ್ರಿಯಾದ ವಿಯೆನ್ನಾ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ, ಎರಡನೆಯದರಲ್ಲಿ ಸೂಲಗಿತ್ತಿ ವಿದ್ಯಾರ್ಥಿನಿಯರಿಗೆ ತರಬೇತಿ ನಡೆಯುತ್ತಿತ್ತು. 1841ರಿಂದ 1846ರವರೆಗೆ ಮೊದಲ ವಿಭಾಗದಲ್ಲಿ ತಾಯಂದಿರ ಮರಣ ಪ್ರಮಾಣ ಸುಮಾರು ಶೇ. 9.9 ಇದ್ದರೆ, ಎರಡನೆಯದರಲ್ಲಿ ಸುಮಾರು ಶೇ. 3.9 ಮಾತ್ರ ಇತ್ತು. ಕಾರಣ ಬಾಣಂತಿ ಜ್ವರ. ಮೊದಲ ವಿಭಾಗಕ್ಕೆ ತಮ್ಮನ್ನು ಸೇರಿಸಬೇಡಿರೆಂದು ಗರ್ಭಿಣಿಯರು ಅಂಗಲಾಚುತ್ತಿದ್ದರು.

ಅಲ್ಲಿ ಸಹಾಯಕ ವೈದ್ಯರಾಗಿದ್ದ ಇಗ್ನಾಜ್ ಸೆಮ್ಮೆಲ್ವೈಸ್ ಅವರು ಈ ವ್ಯತ್ಯಾಸದ ಮೂಲವನ್ನು ಹುಡುಕಿದರು. 1847ರ ಮಾರ್ಚ್‌ನಲ್ಲಿ ಅವರ ಸಹೋದ್ಯೋಗಿ ಯಾಕೋಬ್ ಕೊಲೆಚ್ಕಾ ಅವರಿಗೆ ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ತಗುಲಿ ಗಾಯವಾಯಿತು. ಅದೇ ಸೋಂಕಿನಿಂದ ಅವರು ಮೃತಪಟ್ಟರು. ಅವರ ಶರೀರದಲ್ಲಿ ಕಂಡ ಲಕ್ಷಣಗಳು ಬಾಣಂತಿ ಜ್ವರದಿಂದ ಸತ್ತ ತಾಯಂದಿರ ಲಕ್ಷಣಗಳನ್ನೇ ಹೋಲುತ್ತಿದ್ದವು. ಶವಪರೀಕ್ಷೆ ಮುಗಿಸಿ ನೇರವಾಗಿ ಹೆರಿಗೆ ವಿಭಾಗಕ್ಕೆ ಬರುತ್ತಿದ್ದ ವೈದ್ಯರು ಮತ್ತು ವಿದ್ಯಾರ್ಥಿಗಳ ಕೈಗಳೇ ರೋಗವನ್ನು ಹೊತ್ತು ತರುತ್ತಿವೆ ಎಂಬ ನಿರ್ಣಯಕ್ಕೆ ಸೆಮ್ಮೆಲ್ವೈಸ್ ಬಂದರು. ಸೂಲಗಿತ್ತಿ ವಿದ್ಯಾರ್ಥಿನಿಯರು ಶವಪರೀಕ್ಷೆ ಮಾಡುತ್ತಿರಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಕ್ಲೋರಿನ್ ಸುಣ್ಣದ ದ್ರಾವಣದಲ್ಲಿ ಕೈ ತೊಳೆಯುವುದನ್ನು ಅವರು ಕಡ್ಡಾಯಗೊಳಿಸಿದರು. ಏಪ್ರಿಲ್‌ನಲ್ಲಿ ಶೇ. 18ರಷ್ಟಿದ್ದ ಮರಣ ಪ್ರಮಾಣ ಜುಲೈ ವೇಳೆಗೆ ಶೇ. 1.2ಕ್ಕೆ ಇಳಿಯಿತು.

ಆದರೆ ಪಾಠ ಅಲ್ಲಿಗೆ ಮುಗಿಯಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಗರ್ಭಕೋಶದ ಕ್ಯಾನ್ಸರಿನಿಂದ ದುರ್ಗಂಧಯುಕ್ತ ಸ್ರಾವವಾಗುತ್ತಿದ್ದ ಮಹಿಳೆಯೊಬ್ಬರನ್ನು ಪರೀಕ್ಷೆ ಆರಂಭವಾಗುವ ಮೊದಲ ಹಾಸಿಗೆಯಲ್ಲಿ ಮಲಗಿಸಲಾಗಿತ್ತು. ಅವರನ್ನು ಪರೀಕ್ಷಿಸಿದ ಬಳಿಕ ಬರಿಯ ಸೋಪಿನಿಂದ ಕೈ ತೊಳೆದು ಉಳಿದವರನ್ನು ಪರೀಕ್ಷಿಸಲಾಯಿತು. ಜೊತೆಯಲ್ಲಿದ್ದ 12 ತಾಯಂದಿರಲ್ಲಿ 11 ಮಂದಿ ಮೃತಪಟ್ಟರು. ವಿಷವು ಶವದಿಂದ ಮಾತ್ರವಲ್ಲ, ಜೀವಂತ ರೋಗಿಯಿಂದಲೂ ಕೈಗೆ ಬರಬಲ್ಲದು ಎಂಬುದು ಅಂದು ತಿಳಿಯಿತು. ವಾರ್ಡಿಗೆ ಪ್ರವೇಶಿಸುವಾಗ ಒಮ್ಮೆ ತೊಳೆದರೆ ಸಾಲದು, ಪ್ರತಿ ರೋಗಿಯ ನಡುವೆಯೂ ಕೈ ಶುಚಿಯಾಗಬೇಕು ಎಂಬ ನಿಯಮ ಹುಟ್ಟಿದ್ದು ಹೀಗೆ. ಇಂದಿನ ವಿದ್ಯಾರ್ಥಿಗೂ ಅನ್ವಯಿಸುವುದು ಈ ಎರಡನೆಯ ಪಾಠವೇ.

5. ಐದು ಸಂದರ್ಭಗಳು

ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯು ಕೈ ಶುಚಿಗೊಳಿಸಬೇಕಾದ ಐದು ಸಂದರ್ಭಗಳನ್ನು ಗುರುತಿಸಿದೆ.

ಒಂದು, ರೋಗಿಯನ್ನು ಮುಟ್ಟುವ ಮುನ್ನ. ನಾಡಿ ನೋಡುವುದು, ಹೊಟ್ಟೆಯನ್ನು ಮುಟ್ಟಿ ಪರೀಕ್ಷಿಸುವುದು, ರೋಗಿಗೆ ಎದ್ದು ಕೂರಲು ಆಸರೆ ಕೊಡುವುದು, ಶಿಶುವನ್ನು ಎತ್ತಿಕೊಳ್ಳುವುದು ಎಲ್ಲವೂ ಇದರಲ್ಲಿ ಸೇರುತ್ತವೆ.

ಎರಡು, ಶುದ್ಧ ಅಥವಾ ನಂಜುರಹಿತ ಕಾರ್ಯಕ್ಕೆ ಮುನ್ನ. ಚುಚ್ಚುಮದ್ದು ನೀಡುವುದು, ಕ್ಯಾನುಲಾ ಹಾಕುವುದು, ಡ್ರಿಪ್ಪಿಗೆ ಔಷಧಿ ಸೇರಿಸುವುದು, ಗಾಯದ ಡ್ರೆಸ್ಸಿಂಗ್, ಹೊಕ್ಕುಳಬಳ್ಳಿಯ ಆರೈಕೆ ಇದಕ್ಕೆ ಉದಾಹರಣೆಗಳು. ಶುಚಿಗೂ ಕಾರ್ಯಕ್ಕೂ ನಡುವೆ ಬೇರಾವ ವಸ್ತುವನ್ನೂ ಮುಟ್ಟಿರಬಾರದು.

ಮೂರು, ದೇಹದ್ರವಗಳ ಸಂಪರ್ಕದ ಸಾಧ್ಯತೆ ಒದಗಿದ ನಂತರ. ರಕ್ತದ ಮಾದರಿ ತೆಗೆದ ಮೇಲೆ, ಮೂತ್ರದ ಚೀಲ ಬರಿದು ಮಾಡಿದ ಮೇಲೆ, ಮಲಪಾತ್ರೆ ತೆಗೆದ ಮೇಲೆ, ಕೈಗವಸು ಧರಿಸಿದ್ದರೂ ಅದನ್ನು ತೆಗೆದ ಕೂಡಲೇ.

ನಾಲ್ಕು, ರೋಗಿಯನ್ನು ಮುಟ್ಟಿದ ನಂತರ.

ಐದು, ರೋಗಿಯನ್ನು ಮುಟ್ಟದಿದ್ದರೂ ಅವರ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರ. ಹಾಸಿಗೆ, ದಿಂಬು, ಮಂಚದ ಕಂಬಿ, ಡ್ರಿಪ್ ಸ್ಟ್ಯಾಂಡ್, ಪಕ್ಕದ ಮೇಜು ಇವು ಆ ರೋಗಿಯ ವಲಯಕ್ಕೆ ಸೇರಿದವು.

ಒಬ್ಬ ರೋಗಿಯ ಆರೈಕೆ ಮುಗಿಸಿ ನೇರವಾಗಿ ಮುಂದಿನ ರೋಗಿಯ ಬಳಿಗೆ ಹೋಗುವಾಗ ಒಂದೇ ಬಾರಿಯ ಶುಚಿಯು ಮೊದಲನೆಯವರ ‘ನಂತರ’ವೂ ಎರಡನೆಯವರ ‘ಮುನ್ನ’ವೂ ಆಗುತ್ತದೆ. ನಡುವೆ ಕೇಸ್ ಶೀಟ್, ಮೊಬೈಲ್, ಬಾಗಿಲಿನ ಹಿಡಿ ಅಥವಾ ಸ್ವಂತ ಮುಖವನ್ನು ಮುಟ್ಟಿದರೆ ಆ ಸೌಲಭ್ಯ ಇಲ್ಲವಾಗುತ್ತದೆ, ಮತ್ತೆ ಶುಚಿಗೊಳಿಸಲೇಬೇಕು.

6. ‘ನಂತರ’ ಸುಲಭ, ‘ಮುನ್ನ’ ಕಠಿಣ: ಏಕೆ?

ಈ ಐದು ಸಂದರ್ಭಗಳನ್ನು ಎರಡು ಗುಂಪುಗಳಾಗಿ ನೋಡಬಹುದು. ಮೊದಲ ಎರಡು ರೋಗಿಯನ್ನು ರಕ್ಷಿಸುತ್ತವೆ. ಉಳಿದ ಮೂರು ಮುಖ್ಯವಾಗಿ ಸಿಬ್ಬಂದಿಯನ್ನೂ ಆಸ್ಪತ್ರೆಯ ಪರಿಸರವನ್ನೂ ರಕ್ಷಿಸುತ್ತವೆ. ವಿವಿಧ ದೇಶಗಳಲ್ಲಿ ನಡೆದ ವೀಕ್ಷಣೆಗಳಲ್ಲಿ ರೋಗಿಯನ್ನು ಮುಟ್ಟಿದ ನಂತರದ ಶುಚಿಗಿಂತ ಮುಟ್ಟುವ ಮುನ್ನದ ಶುಚಿ ಕಡಿಮೆಯಿರುವುದು ಮರುಮರಳಿ ಕಂಡುಬಂದಿದೆ.

ಇದಕ್ಕೆ ಕಾರಣ ಮನುಷ್ಯ ಸ್ವಭಾವದಲ್ಲಿಯೇ ಇದೆ. ಬಾಲ್ಯದಿಂದ ಮನೆಯಲ್ಲಿ ಕಲಿತ ಕೈ ತೊಳೆಯುವ ಅಭ್ಯಾಸಕ್ಕೆ ಅಸಹ್ಯವೇ ಪ್ರೇರಣೆ. ಕೈ ಅಂಟಾದರೆ, ವಾಸನೆ ಬಂದರೆ, ಶೌಚಕ್ಕೆ ಹೋಗಿ ಬಂದರೆ ತೊಳೆಯಬೇಕೆಂದು ಮನಸ್ಸು ತಾನಾಗಿಯೇ ಹೇಳುತ್ತದೆ. ನಾಡಿ ನೋಡುವ ಮುನ್ನ ಆ ಪ್ರೇರಣೆ ಹುಟ್ಟುವುದಿಲ್ಲ. ಏಕೆಂದರೆ ಕೈ ಶುಭ್ರವಾಗಿ ಕಾಣುತ್ತದೆ, ಕೆಲಸವೂ ಕೊಳಕೆನಿಸುವುದಿಲ್ಲ. ಆದ್ದರಿಂದ ಮನೆಯ ಅಭ್ಯಾಸವು ಆಸ್ಪತ್ರೆಗೆ ಸಾಲದು. ‘ಮುನ್ನ’ದ ಶುಚಿಯು ವೃತ್ತಿಯಾಗಿ ಕಲಿಯಬೇಕಾದ ಅಭ್ಯಾಸ, ಶುಶ್ರೂಷಾ ಶಿಕ್ಷಣದ ಹೊಣೆಯೂ ಇಲ್ಲಿಯೇ ಇದೆ.

ಅಮೆರಿಕದ ಆಸ್ಪತ್ರೆಯೊಂದರಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ದೃಷ್ಟಿಯಿಂದ ಬೋಧಪ್ರದವಾಗಿದೆ. ಕೈ ಶುಚಿಯಿಂದ ನಿಮಗೆ ಕಾಯಿಲೆ ತಗುಲದು ಎಂಬ ಆಶಯದ ಫಲಕವನ್ನು ಕೆಲವೆಡೆ, ರೋಗಿಗಳಿಗೆ ಕಾಯಿಲೆ ತಗುಲದು ಎಂಬ ಆಶಯದ ಫಲಕವನ್ನು ಇನ್ನು ಕೆಲವೆಡೆ ಹಾಕಲಾಯಿತು. ರೋಗಿಗಳನ್ನು ನೆನಪಿಸಿದ ಫಲಕದ ಬಳಿ ಸೋಪು ಮತ್ತು ಹ್ಯಾಂಡ್‌ರಬ್ ಬಳಕೆ ಹೆಚ್ಚಿತು. ಸ್ವಂತ ರಕ್ಷಣೆಯನ್ನು ನೆನಪಿಸಿದ ಫಲಕದಿಂದ ಅಂಥ ಪರಿಣಾಮ ಕಾಣಲಿಲ್ಲ. ಜಿಲ್ಲೆಯ ಆರೋಗ್ಯ ಸಂಸ್ಥೆಗಳಲ್ಲಿ ಗೋಡೆಬರಹ ಸಿದ್ಧಪಡಿಸುವಾಗ ಈ ಅಂಶವನ್ನು ಪರಿಗಣಿಸಬಹುದು.

7. ಶುಚಿಗೊಳಿಸುವ ವಿಧಾನ

ಕೈಯಲ್ಲಿ ಕಣ್ಣಿಗೆ ಕಾಣುವ ಕೊಳೆ ಇಲ್ಲದಿದ್ದಾಗ ಆಲ್ಕೋಹಾಲ್‌ಯುಕ್ತ ಹ್ಯಾಂಡ್‌ರಬ್ ಉತ್ತಮ. ಅದು ಬೇಗ ಕೆಲಸ ಮಾಡುತ್ತದೆ, ಹಾಸಿಗೆಯ ಬಳಿಯಲ್ಲಿಯೇ ಇಡಬಹುದು, ನೀರು ಬೇಕಿಲ್ಲ. ಅಂಗೈ ತುಂಬುವಷ್ಟು ದ್ರಾವಣ ತೆಗೆದುಕೊಂಡು, ಕೈ ಒಣಗುವವರೆಗೆ, 20ರಿಂದ 30 ಸೆಕೆಂಡುಗಳ ಕಾಲ ಉಜ್ಜಬೇಕು. ಕೈ ಕೊಳೆಯಾಗಿದ್ದರೆ, ರಕ್ತ ಅಥವಾ ದೇಹದ್ರವ ತಗುಲಿದ್ದರೆ, ಶೌಚಾಲಯ ಬಳಸಿದ ಮೇಲೆ ಸೋಪು ಮತ್ತು ನೀರನ್ನೇ ಬಳಸಬೇಕು; ಇಡೀ ಪ್ರಕ್ರಿಯೆಗೆ 40ರಿಂದ 60 ಸೆಕೆಂಡುಗಳು ಬೇಕು. ಕ್ಲಾಸ್ಟ್ರಿಡಿಯಂ ಡಿಫಿಸಿಲ್‌ನಂಥ ಬ್ಯಾಕ್ಟೀರಿಯಾಗಳ ಬೀಜಕಗಳನ್ನು ಆಲ್ಕೋಹಾಲ್ ನಾಶಮಾಡಲಾರದು. ಅಂಥ ಭೇದಿಯ ರೋಗಿಗಳ ಆರೈಕೆಯಲ್ಲಿಯೂ ಸೋಪು-ನೀರೇ ಸರಿ. ಎರಡನ್ನೂ ಒಂದರ ಮೇಲೊಂದು ಬಳಸುವ ಅಗತ್ಯವಿಲ್ಲ. ಅದರಿಂದ ಚರ್ಮ ಒಡೆಯುತ್ತದೆ.

ಉಜ್ಜುವ ಕ್ರಮ ಎರಡಕ್ಕೂ ಒಂದೇ:

(1) ಅಂಗೈಗೆ ಅಂಗೈ;
(2) ಒಂದು ಅಂಗೈಯಿಂದ ಮತ್ತೊಂದು ಕೈಯ ಹಿಂಬದಿ, ಬೆರಳುಗಳ ಸಂದಿ ಸಹಿತ, ಎರಡೂ ಕೈಗಳಿಗೆ;
(3) ಅಂಗೈಗೆ ಅಂಗೈ ಸೇರಿಸಿ ಬೆರಳುಗಳನ್ನು ಹೆಣೆದು;
(4) ಬೆರಳುಗಳನ್ನು ಮಡಚಿ ಅವುಗಳ ಹಿಂಬದಿಯನ್ನು ಎದುರು ಅಂಗೈಗೆ;
(5) ಹೆಬ್ಬೆರಳನ್ನು ಎದುರು ಮುಷ್ಟಿಯಲ್ಲಿ ಹಿಡಿದು ತಿರುಗಿಸಿ, ಎರಡೂ ಕೈಗಳಿಗೆ;
(6) ಬೆರಳತುದಿಗಳನ್ನು ಎದುರು ಅಂಗೈಯಲ್ಲಿ ವೃತ್ತಾಕಾರವಾಗಿ, ಎರಡೂ ಕೈಗಳಿಗೆ.

ಬ್ರಿಟನ್ನಿನಲ್ಲಿ 1978ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶುಶ್ರೂಷಕರು ಕೈ ತೊಳೆಯುವಾಗ ಬಿಟ್ಟುಬಿಡುವ ಭಾಗಗಳನ್ನು ಬಣ್ಣದ ಸಹಾಯದಿಂದ ಗುರುತಿಸಲಾಯಿತು. ಹೆಬ್ಬೆರಳು, ಬೆರಳತುದಿ ಮತ್ತು ಬೆರಳುಗಳ ಸಂದಿಗಳು ಹೆಚ್ಚಾಗಿ ಬಿಟ್ಟುಹೋಗಿದ್ದವು. ಸೂಜಿ ಹಿಡಿಯುವುದು, ರಕ್ತನಾಳ ತಡಕುವುದು ಹೆಬ್ಬೆರಳು ಮತ್ತು ಬೆರಳತುದಿಗಳಿಂದಲೇ. ಕೊನೆಯ ಎರಡು ಹಂತಗಳನ್ನು ಅವಸರದಲ್ಲಿ ಬಿಡಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ತೊಳೆದ ಕೈಯನ್ನು ಪೂರ್ಣವಾಗಿ ಒಣಗಿಸಬೇಕು. ಒದ್ದೆ ಕೈಯಿಂದ ಸೂಕ್ಷ್ಮಜೀವಿಗಳು ಸುಲಭವಾಗಿ ದಾಟುತ್ತವೆ. ದಿನವಿಡೀ ಎಲ್ಲರೂ ಒರೆಸಿಕೊಳ್ಳುವ ಒಂದೇ ಟವೆಲ್ ತೊಳೆದ ಪ್ರಯೋಜನವನ್ನೇ ಕಳೆಯುತ್ತದೆ. ಒಮ್ಮೆ ಬಳಸುವ ಕಾಗದ ಇಲ್ಲದಿದ್ದಲ್ಲಿ, ಚಿಕ್ಕ ಬಟ್ಟೆಯ ತುಂಡುಗಳನ್ನು ಒಬ್ಬರಿಗೆ ಒಂದರಂತೆ ಒಮ್ಮೆ ಮಾತ್ರ ಬಳಸಿ ಒಗೆಯಲು ಹಾಕಬಹುದು. ನಲ್ಲಿಯಲ್ಲಿ ನೀರು ನಿಂತ ದಿನ ಬೇಸಿನ್ನಿನಲ್ಲಿ ತುಂಬಿಟ್ಟ ನೀರಿಗೆ ಎಲ್ಲರೂ ಕೈ ಅದ್ದಬಾರದು. ನಲ್ಲಿ ಜೋಡಿಸಿದ ಡ್ರಮ್ ಇಡಬೇಕು, ಇಲ್ಲವೇ ಮತ್ತೊಬ್ಬರು ಚೊಂಬಿನಿಂದ ನೀರು ಹೊಯ್ಯಬೇಕು. ಸೋಪಿನ ಬಿಲ್ಲೆಯನ್ನು ನೀರು ಬಸಿಯುವ ತಟ್ಟೆಯಲ್ಲಿಡಬೇಕು. ದ್ರವಸೋಪಿನ ಬಾಟಲಿಯು ಅರ್ಧ ಖಾಲಿಯಾದಾಗ ಮೇಲೆ ಸುರಿದು ತುಂಬಿಸದೆ, ಪೂರ್ಣ ಬರಿದಾದ ಮೇಲೆ ತೊಳೆದು ಒಣಗಿಸಿ ತುಂಬಿಸತಕ್ಕದ್ದು.

8. ಕೈಗವಸು, ಉಗುರು, ಬಳೆ ಮತ್ತು ಉಂಗುರ

ಕೈಗವಸು ಧರಿಸಿದರೆ ಕೈ ಶುಚಿ ಬೇಕಿಲ್ಲವೆಂಬುದು ವಾರ್ಡುಗಳಲ್ಲಿ ವ್ಯಾಪಕವಾಗಿರುವ ತಪ್ಪು ತಿಳಿವಳಿಕೆ. ಕೈಗವಸಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರಬಹುದು. ತೆಗೆಯುವಾಗ ಹೊರಮೈಯ ಕೊಳೆ ಕೈಗೆ ತಗುಲಬಹುದು. ಆದ್ದರಿಂದ ಧರಿಸುವ ಮುನ್ನವೂ ತೆಗೆದ ನಂತರವೂ ಶುಚಿ ಕಡ್ಡಾಯ. ಒಂದೇ ಜೋಡಿ ಕೈಗವಸಿನಲ್ಲಿ ನಾಲ್ಕು ರೋಗಿಗಳ ಕೆಲಸ ಮಾಡುವುದು ಬರಿಗೈಯಲ್ಲಿ ಮಾಡುವುದಕ್ಕಿಂತಲೂ ಅಪಾಯಕಾರಿಯಾಗಬಲ್ಲದು. ಧರಿಸಿದವರು ತಾವು ಸುರಕ್ಷಿತರೆಂದು ಭಾವಿಸುತ್ತಾರೆ, ರೋಗಿಗೆ ಮಾತ್ರ ರಕ್ಷಣೆ ಇರುವುದಿಲ್ಲ. ರಕ್ತದೊತ್ತಡ ನೋಡುವುದು, ತಾಪಮಾನ ಅಳೆಯುವುದು ಮೊದಲಾದ ಸಾಮಾನ್ಯ ಕೆಲಸಗಳಿಗೆ ಕೈಗವಸು ಬೇಕಿಲ್ಲ.

ಉಗುರು ಅರ್ಧ ಸೆಂಟಿಮೀಟರಿಗಿಂತ ಉದ್ದವಿರಬಾರದು. ಕೃತಕ ಉಗುರು ನಿಷಿದ್ಧ. ಉಂಗುರದ ಅಡಿಯ ಚರ್ಮದಲ್ಲಿ ಸೂಕ್ಷ್ಮಜೀವಿಗಳು ಹೆಚ್ಚಾಗಿರುತ್ತವೆ. ಗಾಜಿನ ಬಳೆ, ಕೈಗಡಿಯಾರ, ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ದಾರ ಇವು ಮಣಿಕಟ್ಟನ್ನು ತೊಳೆಯಲು ಬಿಡುವುದಿಲ್ಲ. ದಾರವಂತೂ ಒದ್ದೆಯಾಗಿಯೇ ಉಳಿದು ಕೊಳೆಯನ್ನು ಹಿಡಿದಿಡುತ್ತದೆ. ಈ ವಿಷಯದಲ್ಲಿ ವಿದ್ಯಾರ್ಥಿಗಳ ಭಾವನೆಗೆ ನೋವಾಗದಂತೆ ಬೋಧಕರು ಮನವರಿಕೆ ಮಾಡಿಕೊಡಬೇಕು. ಬಳೆಯನ್ನು ಕರ್ತವ್ಯದ ವೇಳೆ ತೆಗೆದಿಡುವುದು, ದಾರವನ್ನು ತೋಳಿನ ಮೇಲ್ಭಾಗಕ್ಕೆ ಕಟ್ಟಿಕೊಳ್ಳುವುದು ಸಾಧ್ಯವಿರುವ ಮಾರ್ಗಗಳು. ಒಡೆದ ಚರ್ಮದಲ್ಲಿ ಸೂಕ್ಷ್ಮಜೀವಿಗಳು ಹೆಚ್ಚಾಗಿ ನೆಲೆಸುವುದರಿಂದ ಕರ್ತವ್ಯ ಮುಗಿದ ಮೇಲೆ ಚರ್ಮಕ್ಕೆ ಲೇಪ ಹಚ್ಚಿಕೊಳ್ಳುವುದು ಹಿತಕರ.

9. ವಾರ್ಡಿನಲ್ಲಿ ಪಾಠ ಮರೆಯಾಗುವ ಕಾರಣಗಳು

ಅರಿವಿನ ಕೊರತೆಯಿಂದಲೇ ಕೈ ಶುಚಿ ತಪ್ಪುತ್ತದೆ ಎಂದು ಭಾವಿಸಿ ಮತ್ತೆ ಮತ್ತೆ ಉಪನ್ಯಾಸ ಏರ್ಪಡಿಸುವುದರಿಂದ ಹೆಚ್ಚಿನ ಫಲವಿಲ್ಲ. ಮುಖ್ಯ ಕಾರಣಗಳು ಮೂರು.

ಮೊದಲನೆಯದು ಸೌಲಭ್ಯದ ದೂರ. ಕೈತೊಟ್ಟಿ ವಾರ್ಡಿನ ಕೊನೆಯಲ್ಲಿದ್ದು ಪ್ರತಿ ರೋಗಿಗೂ ಅಲ್ಲಿಗೆ ಹೋಗಿ ಬರುವುದು ಯಾರಿಂದಲೂ ಆಗದು. ಜಿನೀವಾ ವಿಶ್ವವಿದ್ಯಾಲಯ ಆಸ್ಪತ್ರೆಗಳಲ್ಲಿ ಡಾ. ಡಿಡಿಯರ್ ಪಿಟೆ ಅವರ ನೇತೃತ್ವದಲ್ಲಿ ಹ್ಯಾಂಡ್‌ರಬ್ ಅನ್ನು ಹಾಸಿಗೆಯ ಬಳಿಗೆ ತರಲಾಯಿತು. ಭಿತ್ತಿಪತ್ರ, ವೀಕ್ಷಣೆ ಮತ್ತು ಫಲಿತಾಂಶದ ತಿಳಿವಳಿಕೆಯನ್ನು ಅದರೊಂದಿಗೆ ಜೋಡಿಸಲಾಯಿತು. 1994ರಲ್ಲಿ ಶೇ. 48 ಇದ್ದ ಪಾಲನೆ 1997ರ ವೇಳೆಗೆ ಶೇ. 66ಕ್ಕೆ ಏರಿತು, ಆಸ್ಪತ್ರೆ ಸೋಂಕಿನ ಪ್ರಮಾಣ 1994ರಿಂದ 1998ರ ಅವಧಿಯಲ್ಲಿ ಶೇ. 16.9ರಿಂದ ಶೇ. 9.9ಕ್ಕೆ ಇಳಿಯಿತು.

ಎರಡನೆಯದು ಹಿರಿಯರ ನಡೆ. ವಿದ್ಯಾರ್ಥಿಯು ಕೇಳಿದ್ದಕ್ಕಿಂತ ಕಂಡದ್ದನ್ನು ಬೇಗ ಕಲಿಯುತ್ತಾನೆ. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೊಠಡಿಯಲ್ಲಿರುವ ಹಿರಿಯರು ಕೈ ಶುಚಿಗೊಳಿಸದಿದ್ದಾಗ ಜೊತೆಗಿದ್ದ ಕಿರಿಯರೂ ಶುಚಿಗೊಳಿಸುವ ಸಾಧ್ಯತೆ ಬಹಳ ಕಡಿಮೆಯಾದುದು ಕಂಡುಬಂತು. ಶುಶ್ರೂಷಾ ತರಬೇತಿಯಲ್ಲಿರುವವರ ಕುರಿತು 2006ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವೂ ಮಾರ್ಗದರ್ಶಕರ ಅಭ್ಯಾಸವೇ ವಿದ್ಯಾರ್ಥಿಗಳ ಅಭ್ಯಾಸವನ್ನು ನಿರ್ಧರಿಸುವ ಪ್ರಮುಖ ಅಂಶವೆಂದು ತೋರಿಸಿತು.

ಮೂರನೆಯದು ಕೆಲಸದ ಒತ್ತಡ. ಹೊರೆ ಹೆಚ್ಚಿದಷ್ಟೂ ಪಾಲನೆ ಕುಸಿಯುತ್ತದೆ. ಇದಕ್ಕೆ ಪರಿಹಾರ ಕೆಲಸವನ್ನು ಜೋಡಿಸುವ ಕ್ರಮದಲ್ಲಿದೆ. ಒಬ್ಬ ರೋಗಿಯ ತಾಪಮಾನ, ನಾಡಿ, ರಕ್ತದೊತ್ತಡಗಳನ್ನು ಒಂದೇ ಸಲ ನೋಡಿ ಮುಗಿಸಿದರೆ ಶುಚಿಯ ಸಂದರ್ಭಗಳು ಕಡಿಮೆಯಾಗುತ್ತವೆ. ಎಲ್ಲರ ತಾಪಮಾನ ಮೊದಲು, ಎಲ್ಲರ ನಾಡಿ ಬಳಿಕ ಎಂದು ವಾರ್ಡನ್ನು ಮೂರು ಬಾರಿ ಸುತ್ತಿದರೆ ಮೂರು ಪಟ್ಟಾಗುತ್ತವೆ.

10. ಹೆರಿಗೆ ಕೊಠಡಿ ಮತ್ತು ಮನೆಭೇಟಿ

ಕೈ ಶುಚಿಯ ಫಲಾಫಲ ಅತ್ಯಂತ ಬೇಗ ಕಾಣುವುದು ನವಜಾತ ಶಿಶುವಿನಲ್ಲಿ. ನೇಪಾಳದ ದಕ್ಷಿಣ ಭಾಗದ ಸರ್ಲಾಹಿ ಜಿಲ್ಲೆಯಲ್ಲಿ 23,000ಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಕುರಿತು ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆರಿಗೆ ಮಾಡಿಸಿದವರು ಕೈ ತೊಳೆದಿದ್ದ ಶಿಶುಗಳಲ್ಲಿ ಮರಣದ ಅಪಾಯ ಶೇ. 19ರಷ್ಟು ಕಡಿಮೆಯಿತ್ತು. ಶಿಶುವನ್ನು ಮುಟ್ಟುವ ಮುನ್ನ ತಾಯಿಯೂ ಕೈ ತೊಳೆಯುತ್ತಿದ್ದಲ್ಲಿ ಅಪಾಯ ಶೇ. 44ರಷ್ಟು ಕಡಿಮೆಯಿತ್ತು. ಅಲ್ಲಿನ ಹೆರಿಗೆಗಳು ಬಹುತೇಕ ಮನೆಗಳಲ್ಲಿ ನಡೆದವು; ಅಧ್ಯಯನವೂ ವೀಕ್ಷಣೆಯನ್ನು ಆಧರಿಸಿದ್ದು. ಆದರೂ ಅದು ತೋರುವ ದಿಕ್ಕು ನಿಸ್ಸಂದಿಗ್ಧ.

ಈ ಕಾರಣದಿಂದ ವಿದ್ಯಾರ್ಥಿಗಳು ತಾವು ಶುಚಿಯಾಗಿರುವುದರ ಜೊತೆಗೆ ಬಾಣಂತಿಗೂ, ಮಗುವನ್ನು ಎತ್ತಿಕೊಳ್ಳುವ ಅಜ್ಜಿಗೂ, ನೋಡಲು ಬರುವ ಬಂಧುಗಳಿಗೂ ತಿಳಿಹೇಳುವುದು ಅವರ ಕರ್ತವ್ಯದ ಭಾಗ. ಆಶಾ ಕಾರ್ಯಕರ್ತೆಯೊಡನೆ ಮನೆಭೇಟಿಗೆ ಹೋದಾಗ ಮಗುವನ್ನು ಮುಟ್ಟುವ ಮುನ್ನ ಮನೆಯವರ ಎದುರಿನಲ್ಲಿಯೇ ಕೈ ತೊಳೆದರೆ ಅದೇ ಆ ಮನೆಗೆ ಪಾಠವಾಗುತ್ತದೆ.

11. ಬೋಧಕರ ಮತ್ತು ಸಂಸ್ಥೆಯ ಹೊಣೆ

ಪಾಲನೆಯನ್ನು ಅಳೆಯುವ ಸೂತ್ರ ಸರಳ: ಶುಚಿಗೊಳಿಸಿದ ಬಾರಿಗಳನ್ನು ಶುಚಿಗೊಳಿಸಬೇಕಾಗಿದ್ದ ಸಂದರ್ಭಗಳಿಂದ ಭಾಗಿಸಿ 100ರಿಂದ ಗುಣಿಸುವುದು. ಆದರೆ ಒಟ್ಟು ಸಂಖ್ಯೆ ಮೋಸಗೊಳಿಸಬಲ್ಲದು. ಉದಾಹರಣೆಗೆ, ಒಂದು ಪಾಳಿಯಲ್ಲಿ 20 ಸಂದರ್ಭಗಳನ್ನು ವೀಕ್ಷಿಸಿದಾಗ 13 ಬಾರಿ ಶುಚಿ ನಡೆದಿದೆಯೆಂದು ಇಟ್ಟುಕೊಂಡರೆ ಪಾಲನೆ ಶೇ. 65. ಅದನ್ನೇ ಬಿಡಿಸಿ ನೋಡಿದಾಗ, ‘ನಂತರ’ದ 12 ಸಂದರ್ಭಗಳಲ್ಲಿ 11, ‘ಮುನ್ನ’ದ 8 ಸಂದರ್ಭಗಳಲ್ಲಿ ಕೇವಲ 2 ಎಂದು ತಿಳಿದುಬಂದರೆ, ರೋಗಿಗೆ ದೊರೆತ ರಕ್ಷಣೆ ಶೇ. 25 ಮಾತ್ರ. ಆದ್ದರಿಂದ ವೀಕ್ಷಣಾ ನಮೂನೆಯಲ್ಲಿ ಐದೂ ಸಂದರ್ಭಗಳನ್ನು ಪ್ರತ್ಯೇಕವಾಗಿ ದಾಖಲಿಸುವುದು ಅಪೇಕ್ಷಣೀಯ. ವೀಕ್ಷಕರು ಕಣ್ಣೆದುರಿಗಿದ್ದಾಗ ಎಲ್ಲರೂ ಹೆಚ್ಚು ಜಾಗರೂಕರಾಗುತ್ತಾರೆಂಬುದನ್ನೂ ಫಲಿತಾಂಶ ಓದುವಾಗ ಮರೆಯಬಾರದು.

2015ರಲ್ಲಿ ಆರಂಭವಾದ ಕಾಯಕಲ್ಪ ಕಾರ್ಯಕ್ರಮದ ಮೌಲ್ಯಮಾಪನದಲ್ಲಿ ಕೈ ನೈರ್ಮಲ್ಯವೂ ಒಂದು ಅಂಶವಾಗಿದೆ. ಮೌಲ್ಯಮಾಪನದ ವಾರದಲ್ಲಿ ಮಾತ್ರ ಸೋಪು ಕಾಣಿಸಿಕೊಳ್ಳುವಂತಾಗಬಾರದು. ಹ್ಯಾಂಡ್‌ರಬ್, ಸೋಪು ಮತ್ತು ನೀರಿನ ಕೊರತೆ ಕಂಡುಬಂದಲ್ಲಿ ಅದನ್ನು ಆರೋಗ್ಯ ರಕ್ಷಾ ಸಮಿತಿಯ ಸಭೆಯ ಗಮನಕ್ಕೆ ತರುವುದು ಸೂಕ್ತ. ಸಾಮಗ್ರಿಯೇ ಇಲ್ಲದ ವಾರ್ಡಿನಲ್ಲಿ ವಿದ್ಯಾರ್ಥಿಯನ್ನು ಗದರುವುದು ನ್ಯಾಯವಲ್ಲ.

12. ಅಭ್ಯಾಸ ಪ್ರಶ್ನೆಗಳು ಮತ್ತು ಉತ್ತರಗಳು

ಪ್ರಶ್ನೆ 1: ವಿದ್ಯಾರ್ಥಿನಿಯು ಮೊದಲ ಹಾಸಿಗೆಯ ರೋಗಿಯ ರಕ್ತದೊತ್ತಡ ನೋಡಿ ಹ್ಯಾಂಡ್‌ರಬ್ ಬಳಸಿದರು. ಕೇಸ್ ಶೀಟಿನಲ್ಲಿ ಬರೆದು, ಮೊಬೈಲ್ ಕರೆಗೆ ಉತ್ತರಿಸಿ, ಎರಡನೆಯ ಹಾಸಿಗೆಗೆ ಬಂದರು. ಮತ್ತೆ ಶುಚಿ ಬೇಕೇ?
ಉತ್ತರ: ಬೇಕು. ನಡುವೆ ಕೇಸ್ ಶೀಟ್ ಮತ್ತು ಮೊಬೈಲ್ ಮುಟ್ಟಿರುವುದರಿಂದ ಮೊದಲ ಸಂದರ್ಭ ಹೊಸದಾಗಿ ಅನ್ವಯಿಸುತ್ತದೆ.

ಪ್ರಶ್ನೆ 2: ಕೈ ಶುಚಿಗೊಳಿಸಿ ಚುಚ್ಚುಮದ್ದಿನ ಟ್ರೇ ತಂದು, ಪರದೆ ಎಳೆದು, ರೋಗಿಯ ದಿಂಬು ಸರಿಪಡಿಸಿದ ನಂತರ ನೇರವಾಗಿ ಚುಚ್ಚುಮದ್ದು ನೀಡಬಹುದೇ?
ಉತ್ತರ: ಕೂಡದು. ಚುಚ್ಚುಮದ್ದು ಎರಡನೆಯ ಸಂದರ್ಭಕ್ಕೆ ಸೇರಿದ್ದು. ಅದಕ್ಕೆ ತಕ್ಷಣ ಮುನ್ನ ಶುಚಿ ಆಗಬೇಕು.

ಪ್ರಶ್ನೆ 3: ಕೈಗವಸು ಧರಿಸಿ ಮೂತ್ರದ ಚೀಲ ಬರಿದು ಮಾಡಿ, ಕೈಗವಸು ತೆಗೆದಾಗ ಕೈ ಸ್ವಚ್ಛವಾಗಿಯೇ ಕಂಡಿತು. ಶುಚಿ ಬೇಕೇ?
ಉತ್ತರ: ಬೇಕು. ಮೂರನೆಯ ಸಂದರ್ಭ. ಕೊಳೆ ಕಾಣದಿದ್ದರೆ ಹ್ಯಾಂಡ್‌ರಬ್ ಸಾಕು, ಕಂಡರೆ ಸೋಪು-ನೀರು.

ಪ್ರಶ್ನೆ 4: ಸುತ್ತು ಬರುವಾಗ ಹಿರಿಯರೊಬ್ಬರು ಕೈ ಶುಚಿಗೊಳಿಸದೆ ಒಂದು ಹಾಸಿಗೆಯಿಂದ ಮತ್ತೊಂದಕ್ಕೆ ಹೋಗುತ್ತಿದ್ದಾರೆ. ವಿದ್ಯಾರ್ಥಿಯ ಕರ್ತವ್ಯವೇನು?
ಉತ್ತರ: ಮೊದಲು ತಮ್ಮ ಕೈಯನ್ನು ತಪ್ಪದೆ ಶುಚಿಗೊಳಿಸುವುದು. ಬಳಿಕ ಹ್ಯಾಂಡ್‌ರಬ್ ಬಾಟಲಿಯನ್ನು ಮುಂದೆ ಹಿಡಿದು “ಸರ್, ತಗೊಳ್ಳಿ” ಅಥವಾ “ಮೇಡಂ, ತಗೊಳ್ಳಿ” ಎಂದು ವಿನಯದಿಂದ ನೀಡುವುದು. ಇದರಲ್ಲಿ ಆಕ್ಷೇಪಣೆಯ ಧ್ವನಿಯಿಲ್ಲ. ರೋಗಿಯ ರಕ್ಷಣೆಯೂ ಆಗುತ್ತದೆ. ಹಾಗೆ ಮಾಡಲು ಆಗದಿದ್ದಲ್ಲಿ ಬೋಧಕರ ಗಮನಕ್ಕೆ ತರುವುದು.

13. ಉಪಸಂಹಾರ

ಪ್ರತಿ ವರ್ಷ ಮೇ 5ರಂದು ವಿಶ್ವ ಕೈ ನೈರ್ಮಲ್ಯ ದಿನವನ್ನು ಆಚರಿಸಲಾಗುತ್ತದೆ. ಆ ದಿನದ ಪ್ರಮಾಣವಚನಕ್ಕಿಂತ ಉಳಿದ ದಿನಗಳ ಅಭ್ಯಾಸ ಮುಖ್ಯ. ಇಂದಿನ ವಿದ್ಯಾರ್ಥಿಯು ನಾಳೆ ಶುಶ್ರೂಷಾಧಿಕಾರಿಯಾಗಿ ಹೊಸ ವಿದ್ಯಾರ್ಥಿಗಳಿಗೆ ಮಾದರಿಯಾಗುತ್ತಾರೆ. ಅವರು ಇಂದು ಬಿಟ್ಟುಬಿಟ್ಟದ್ದನ್ನು ಮುಂದಿನವರೂ ಬಿಡುತ್ತಾರೆ, ಇಂದು ರೂಢಿಸಿಕೊಂಡದ್ದನ್ನು ಮುಂದಿನವರೂ ರೂಢಿಸಿಕೊಳ್ಳುತ್ತಾರೆ. ಹಾಸಿಗೆಯಲ್ಲಿ ಮಲಗಿರುವ ರೋಗಿಯು ತನ್ನನ್ನು ಮುಟ್ಟಲಿರುವ ಕೈ ಶುಚಿಯಾಗಿದೆಯೇ ಎಂದು ಕೇಳಲಾರ. ಕೇಳುವ ಧೈರ್ಯ ಅವನಿಗಿರುವುದಿಲ್ಲ. ಆದ್ದರಿಂದ ಪ್ರತಿ ಹಾಸಿಗೆಯ ಬಳಿಯಲ್ಲಿಯೂ ಆ ಪ್ರಶ್ನೆಯನ್ನು ವಿದ್ಯಾರ್ಥಿಯೇ, ರೋಗಿಯನ್ನು ಮುಟ್ಟುವ ಮುನ್ನ, ತನಗೆ ತಾನೇ ಕೇಳಿಕೊಳ್ಳತಕ್ಕದ್ದು.